ವೋಟಿನ ಹೊತ್ತಿಗೆ ಊರೇ ಖಾಲಿ ಇರ್ತದ, ನಮ್ ಕಡಿ ಸಂಘಟನೆ ಹ್ಯಾಂಗ್ ಮಾಡೋದ್ರಿ?

ಭೀಮಾ_ದಂಡಿ
ಎಲ್ಲರಿಗೂ ಶರಣು. ನಾವು ಜೇವರ್ಗಿ, ಶಹಾಪುರ ಕಡೆಯ ಒಂದಿಷ್ಟು ಗೆಳೆಯರು. ರೈತ ಸಂಘದಲ್ಲಿ ಓಡಾಡಿದವರು, ದಲಿತ ಸಂಘಟನೆಯವರು, ಇಬ್ಬರು ಕಾಲೇಜು ಮೇಷ್ಟ್ರು, ಒಬ್ಬರು ಅಂಗನವಾಡಿ ಅಕ್ಕ. ಯಾವ ಪಕ್ಷದ ಸದಸ್ಯತ್ವವೂ ಇಲ್ಲ. 2028ರ ವಿಧಾನಸಭೆ ಚುನಾವಣೆಗೆ ಈಗಿಂದಲೇ ಕೆಲಸ ಶುರು ಮಾಡಬೇಕು ಅಂತ ಮೊನ್ನೆ ಕಲಬುರಗಿಯಲ್ಲಿ ಕೂತಿದ್ವಿ. ಎರಡು ತಾಸು ಜಗಳ ಆಯ್ತು, ಒಂದೂ ತೀರ್ಮಾನ ಆಗ್ಲಿಲ್ಲ.

ಒಂದು ಗುಂಪು ಹೇಳೋದು ಜಾಥಾ ಮಾಡೋಣ, ಬೀದಿ ನಾಟಕ ಮಾಡೋಣ, ಸಂವಿಧಾನದ ಬಗ್ಗೆ ಊರೂರಲ್ಲಿ ಮಾತಾಡೋಣ. ಇನ್ನೊಂದು ಗುಂಪಿನ ಪ್ರಶ್ನೆ, ಮಾತಾಡೋದು ಯಾರ ಜೊತೆ? ಕಳೆದ ಮೂರು ಚುನಾವಣೆ ನೋಡಿ. 2013 ಮೇ 5, 2018 ಮೇ 12, 2023 ಮೇ 10. ಮೂರೂ ಮೇ ತಿಂಗಳು. ತೊಗರಿ ರಾಶಿ, ಜೋಳದ ರಾಶಿ ಮುಗಿದ ಮೇಲೆ ನಮ್ಮ ಭಾಗದ ಅರ್ಧ ಊರು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್‌ನಲ್ಲಿ ಇರ್ತದ. ಮುಂಗಾರು ಬಿತ್ತನೆಗೆ ವಾಪಸ್ ಬರ್ತಾರೆ. ವೋಟು ಆ ಎರಡರ ನಡುವೆ ಬೀಳ್ತದೆ.

ಇನ್ನೊಂದು ಜಗಳ: 'ಎಲ್ಲರೂ ವೋಟ್ ಹಾಕ್ರಿ' ಅಂತ ಹೇಳಿ ಸುಮ್ಮನಾಗೋದಾ, ಇಂಥವರಿಗೆ ಹಾಕ್ರಿ ಅಥವಾ ಇಂಥವರಿಗೆ ಬೇಡ ಅಂತಲೂ ಹೇಳೋದಾ? ಕೆಲಸ ಮಾಡಿದವರು ಇದ್ದರೆ ಅನುಭವ ಹೇಳಿ. ಉಪದೇಶ ನಮ್ಮ ಹತ್ರಾನೇ ಸಾಕಷ್ಟಿದೆ.

ನುಚ್ಚು_ಮಜ್ಜಿಗಿ
ಮೊದಲ ನಿಮ್ ಬೂತಿನ ಪಟ್ಟಿ ಓದ್ರಿ. ನಾಟಕ ಆಮ್ಯಾಲ.

ಆಳಂದದಾಕಿ
@ನುಚ್ಚು_ಮಜ್ಜಿಗಿ ಒಂದೇ ಸಾಲಿನಾಗ ಹೇಳಿಬಿಟ್ರಿ.

ನಾ ಆಳಂದದಾಕಿ. ನಮ್ ತಾಲೂಕಿನ ವೋಟರ್ ಪಟ್ಟಿ ಸುದ್ದಿ ದಿಲ್ಲಿ ತನಕ ಹೋಯ್ತಲ್ಲ, ಅದು ಹೊರಗ ಬಂದದ್ದು ಹ್ಯಾಂಗ ಅಂತ ನೆನಪು ಮಾಡ್ಕೋರಿ. ದೊಡ್ಡ ಲೀಡರ್ ಯಾರೂ ಮೊದಲು ಹಿಡೀಲಿಲ್ಲ. ಒಬ್ಬ ಬಿಎಲ್‌ಒ (ಬೂತಿನ ಪಟ್ಟಿ ನೋಡ್ಕೊಳ್ಳೋ ಸರ್ಕಾರಿ ಸಿಬ್ಬಂದಿ), ತನ್ನ ಸಂಬಂಧಿಕರದೇ ಹೆಸರು ತೆಗೀಲಿಕ್ಕೆ ಅರ್ಜಿ ಬಂದದ್ದು ನೋಡಿದ್ರು. ಯಾರ ಹೆಸರಿನಾಗ ಅರ್ಜಿ ಬಂದಿತ್ತೋ ಅವರನ್ನ ಕೇಳಿದ್ರ 'ನಾ ಹಾಕೇ ಇಲ್ಲ' ಅಂದ್ರು. ಅಲ್ಲಿಂದ ದಾರ ಎಳದ್ರ ಒಟ್ಟು 6,018 ಅರ್ಜಿ. ಎಲ್ಲಾ ಆನ್‌ಲೈನ್ ಫಾರ್ಮ್ 7, ಅಂದ್ರ ಹೆಸರು ತೆಗಿಯೋ ಅರ್ಜಿ. ಮನಿ ಮನಿಗಿ ಹೋಗಿ ನೋಡಿದಾಗ ಖರೇ ಇದ್ದದ್ದು ಬರೇ 24.

ಈಗ ಇನ್ನೊಂದು ಅಂಕಿ ಬಾಜೂಕ ಇಟ್ಟು ನೋಡ್ರಿ. 2018ರಾಗ ನಮ್ಮಲ್ಲಿ ಗೆಲುವಿನ ಅಂತರ 697 ವೋಟು. ಆರು ಸಾವಿರ ಹೆಸರು ಹೋಗಿದ್ರ ಏನಾಗ್ತಿತ್ತು ಅಂತ ಲೆಕ್ಕಾ ಮಾಡ್ಲಿಕ್ಕೆ ಮಾಸ್ತರ್ ಬೇಕಾಗಿಲ್ಲ. ಜಾಥಾದಾಗ ಸಾವಿರ ಮಂದಿ ಚಪ್ಪಾಳಿ ಹೊಡದ್ರ ಏನ್ ಬಂತು, ಅವರ ಹೆಸರೇ ಪಟ್ಟಿಯಾಗ ಇಲ್ಲಂದ್ರ?

ಗುಲ್ಬರ್ಗಾ_ಜಂಕ್ಷನ್
ಆಳಂದದಲ್ಲಿ ಆರು ಸಾವಿರ ವೋಟು ಡಿಲೀಟ್ ಮಾಡಿಯೇ ಬಿಟ್ಟರಲ್ಲ, ಇನ್ನು ಏನು ಸಂಘಟನೆ ಮಾಡಿ ಏನು ಪ್ರಯೋಜನ.

ಕಪ್ಪು_ಕೋಟು
@ಗುಲ್ಬರ್ಗಾ_ಜಂಕ್ಷನ್ ಇಲ್ಲ. ಇದನ್ನು ಎಲ್ಲರೂ ತಪ್ಪಾಗಿ ಹೇಳ್ತಿದ್ದಾರೆ. ತೆಗೆಯಲು *ಅರ್ಜಿ* ಬಂದಿದ್ದು 6,018. ಪರಿಶೀಲನೆ ಆಗಿ 5,994 ತಿರಸ್ಕಾರ ಆದವು, ಆ ಹೆಸರುಗಳು ಪಟ್ಟಿಯಲ್ಲೇ ಉಳಿದವು. 2023ರ ಫೆಬ್ರವರಿಯಲ್ಲೇ ಎಫ್‌ಐಆರ್ ಆಗಿತ್ತು, ಸಿಐಡಿ ತನಿಖೆ ನಡೆಯಿತು, 2025ರ ಸೆಪ್ಟೆಂಬರ್‌ನಲ್ಲಿ ಎಸ್‌ಐಟಿ ಮಾಡಿದರು. ಯಾರು ಮಾಡಿದ್ದು ಅಂತ ಕೋರ್ಟ್ ಹೇಳಲಿ.

ಇದರಿಂದ ಕಲಿಯಬೇಕಾದ್ದು 'ಎಲ್ಲಾ ಮುಗೀತು' ಅನ್ನೋದಲ್ಲ. ಕೆಳಗಿನ ಮಟ್ಟದಲ್ಲಿ ಒಬ್ಬರು ಕಣ್ಣು ಬಿಟ್ಟು ನೋಡಿದ್ದಕ್ಕೆ ಅದು ನಿಂತಿತು. ಫಾರ್ಮ್ 7 ಯಾರ ವಿರುದ್ಧವಾದರೂ ಬಂದರೆ ಅವರಿಗೆ ನೋಟಿಸ್ ಹೋಗಬೇಕು, ವಿಚಾರಣೆ ಆಗಬೇಕು. ಆದರೆ ಆ ಮನುಷ್ಯ ಪುಣೆಯ ಯಾವುದೋ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಇಟ್ಟಿಗೆ ಹೊರುತ್ತಿದ್ದರೆ? ಊರಿನಲ್ಲಿ ಬಾಗಿಲಿಗೆ ಬೀಗ. 'ಇಲ್ಲಿ ವಾಸ ಇಲ್ಲ' ಅಂತ ಷರಾ. ಅಲ್ಲಿಗೆ ಕಥೆ ಮುಗೀತು. ಗುಳೆ ಹೋದವರ ಹೆಸರು ಅಳಿಸಲು ಸಂಚೇ ಬೇಕಿಲ್ಲ, ಬೀಗ ಸಾಕು.

ಗುಲ್ಬರ್ಗಾ_ಜಂಕ್ಷನ್
ಸರಿ ವಕೀಲರೇ. ಆದ್ರೂ ಸಿಟ್ಟು ಬರ್ತದ.

ಭೀಮಾ_ದಂಡಿ
@ಕಪ್ಪು_ಕೋಟು 'ಬೀಗ ಸಾಕು'. ಈ ಮಾತು ನಮ್ಮ ಸಭೆಗೆ ತಗೊಂಡು ಹೋಗ್ತೀನಿ.

ಮಾಜಿ_ಪೇಜ್_ಪ್ರಮುಖ್
ನಾನು ಬೇರೆ ಪಾಳೆಯದಿಂದ ಬಂದವನು, ಮೊದಲೇ ಹೇಳಿಬಿಡ್ತೀನಿ. ಬೀದರ್ ಜಿಲ್ಲೆ. ಬಿಜೆಪಿಯಲ್ಲಿ ಒಂದು ಪುಟದ ಜವಾಬ್ದಾರಿ ನನ್ನದಿತ್ತು. ಮತದಾರರ ಪಟ್ಟಿಯ ಒಂದು ಪುಟ ಅಂದರೆ ಏಳೆಂಟು ಮನೆ. ಯಾರ ಮಗಳ ಮದುವೆ, ಯಾರ ಎತ್ತು ಸತ್ತಿದೆ, ಯಾರು ಆಸ್ಪತ್ರೆಯಲ್ಲಿದ್ದಾರೆ, ಯಾರಿಗೆ ನಮ್ಮ ಮೇಲೆ ಮುನಿಸು, ಎಲ್ಲಾ ಗೊತ್ತಿರಬೇಕು. ವೋಟಿನ ದಿನ ಮಧ್ಯಾಹ್ನ ಹನ್ನೆರಡರೊಳಗೆ ಆ ಪುಟ ಮುಗಿಸಬೇಕು.

ಪ್ರಗತಿಪರರು ಅನ್ನಿಸಿಕೊಂಡವರು ನಮ್ಮ ಊರಿಗೆ ಬರ್ತಿದ್ರು. ಒಳ್ಳೆ ಮಾತಾಡ್ತಿದ್ರು, ಬಸವಣ್ಣ, ಅಂಬೇಡ್ಕರ್, ಎಲ್ಲಾ. ನನಗೂ ಇಷ್ಟ ಆಗ್ತಿತ್ತು. ಮಾತು ಮುಗಿಸಿ ಸಂಜೆ ಬಸ್ಸಿಗೆ ಹೋಗ್ತಿದ್ರು. ನಾನು ಆ ಏಳೆಂಟು ಮನೆಯ ಕಟ್ಟೆ ಮೇಲೆ ಕೂತೇ ಇರ್ತಿದ್ದೆ. ಗೆಲ್ಲೋದು ಯಾರು ಹೇಳಿ?

ಈಗ ನಾನು ಆ ಪಕ್ಷದಲ್ಲಿಲ್ಲ, ಕಾರಣ ಇಲ್ಲಿ ಬೇಡ. ಆದರೆ ಆ ವಿಧಾನ ನಿಮಗೆ ಬೇಕು. ವಿಚಾರ ಬೇರೆ ಅಂತ ವಿಧಾನಾನೂ ಬೇಡ ಅನ್ನಬೇಡಿ.

ಸೇಡಂ_ಕಲ್ಲು
ಒಪ್ತೀನಿ, ಆದ್ರ ಒಂದು ತಕರಾರು. ನಿಮ್ ಹಂತ್ಯಾಕ ಪಕ್ಷದ ರೊಕ್ಕ ಇತ್ತು, ಗಾಡಿ ಇತ್ತು. ಇವರ ಹಂತ್ಯಾಕ ಏನದ? ನಮ್ ಹುಡ್ಗೂರು ಸಿಮೆಂಟ್ ಫ್ಯಾಕ್ಟರಿ ಶಿಫ್ಟ್ ಮುಗ್ಸಿ ಬಂದು, ಉಂಡು, ಆಮ್ಯಾಲ ಮನಿ ಮನಿ ಅಡ್ಡಾಡಬೇಕು. ಬಿಎಲ್‌ಎ, ಅಂದ್ರ ಪಕ್ಷದ ಬೂತ್ ಏಜೆಂಟ್, ನೇಮಕ ಮಾಡೋ ಅಧಿಕಾರ ಪಕ್ಷಗಳಿಗಷ್ಟೇ ಅದ. ಸಂಘದವರಿಗಿ ಬೂತಿನಾಗ ಕುರ್ಚಿ ಇಲ್ಲ.

ಮಾಜಿ_ಪೇಜ್_ಪ್ರಮುಖ್
@ಸೇಡಂ_ಕಲ್ಲು ರೊಕ್ಕ ಕಡೇ ವಾರದಲ್ಲಿ ಬರೋದು. ಅದಕ್ಕೂ ಮುಂಚಿನ ನಾಲ್ಕು ವರ್ಷ ಹನ್ನೊಂದು ತಿಂಗಳು ಪುಕ್ಕಟೆ ಕೆಲಸ. ನಂಬಿ ಬಿಡಿ.

ಸಿಲಿಕಾನ್_ಸಂಗಾತಿ
ಬೆಂಗಳೂರಿನಿಂದ ಬರೀತಿದ್ದೀನಿ. ನಮ್ಮದೊಂದು ಟೆಕ್ಕಿಗಳ ಗುಂಪು ಇದೆ. ನಿಮಗಾಗಿ ಒಂದು ಆ್ಯಪ್ ಮಾಡಿಕೊಡಬಹುದು. ವಾಲಂಟಿಯರ್ ಮನೆ ಮನೆಗೆ ಹೋಗಿ ಡೇಟಾ ತುಂಬಿದರೆ ಡ್ಯಾಶ್‌ಬೋರ್ಡ್‌ನಲ್ಲಿ ಬೂತ್‌ವಾರು ಬಣ್ಣ ಬಣ್ಣದ ಮ್ಯಾಪ್ ಬರುತ್ತೆ. ರೀಲ್ಸ್, ಪೋಸ್ಟರ್ ಡಿಸೈನ್ ಕೂಡ ನೋಡಿಕೊಳ್ತೀವಿ. ಆಸಕ್ತಿ ಇದ್ದರೆ ಹೇಳಿ.

ನುಚ್ಚು_ಮಜ್ಜಿಗಿ
ಬಣ್ಣದ ಮ್ಯಾಪ್ ನೋಡ್ಲಿಕ್ಕೆ ಮೊದಲ ನಮ್ ಊರಾಗ ನೆಟ್‌ವರ್ಕ್ ಬೇಕಲ್ರಿ ಸಾಹೇಬ್ರ.

ಆಳಂದದಾಕಿ
@ಸಿಲಿಕಾನ್_ಸಂಗಾತಿ ಸಿಟ್ಟಾಗಬ್ಯಾಡ್ರಿ ಅಣ್ಣಾ. ಆ್ಯಪ್ ಬ್ಯಾಡ. ಒಂದು ನೋಟ್‌ಬುಕ್ ಸಾಕು. ಮನ್ಯಾಗ ಎಷ್ಟು ಮಂದಿ, ಯಾರ್ ಹೆಸರು ಅದ, ಯಾರ್ದು ಇಲ್ಲ, ಗುಳೆ ಹೋದವರು ಎಲ್ಲಿ ಅದಾರ. ಅಷ್ಟೇ. ಮತ್ತ ಮಂದಿಯ ಫೋನ್ ನಂಬರು, ಜಾತಿ, ಯಾರಿಗಿ ವೋಟ್ ಹಾಕ್ತಾರ ಅನ್ನೋದೆಲ್ಲ ನಿಮ್ ಸರ್ವರ್‌ನಾಗ ಯಾಕ ಕೂಡಬೇಕು? ನಾಳಿ ಅದು ಯಾರ್ ಕೈಗಿ ಹೋಗ್ತದೋ. ನಮ್ ತಾಲೂಕಿನ ಕಥಿ ಕೇಳಿದ ಮ್ಯಾಲೂ ಇದು ನಿಮಗ ಹೊಳೀಲಿಲ್ಲೇನು?

ನಿಜವಾಗಿ ಸಹಾಯ ಮಾಡಬೇಕಂದ್ರ ನಿಮ್ ಏರಿಯಾದಾಗೇ ಕೆಲಸ ಅದ. ನಿಮ್ ಅಪಾರ್ಟ್‌ಮೆಂಟಿನ ಬಾಜೂಕ ಹೊಸ ಬಿಲ್ಡಿಂಗ್ ಏಳ್ಲಕತ್ತಿರ್ತದಲ್ಲ, ಅದರ ತಗಡಿನ ಶೆಡ್ಡಿಗಿ ಐತವಾರ ಹೋಗ್ರಿ. ಅಲ್ಲಿ ಯಾದಗಿರಿಯವರು ಇದ್ದೇ ಇರ್ತಾರ. ಅವರ ಹೆಸರು ಪಟ್ಟಿಯಾಗ ಅದನೋ ಇಲ್ಲೋ ಫೋನಿನಾಗ ನೋಡಿ ಹೇಳ್ರಿ. ಹೆಸರು, ತಂದಿ ಹೆಸರು, ಕ್ಷೇತ್ರ ಹಾಕಿದ್ರ ಬರ್ತದ.

ಸಿಲಿಕಾನ್_ಸಂಗಾತಿ
ಶೆಡ್ಡಿನ ಐಡಿಯಾ ನಿಜಕ್ಕೂ ಚೆನ್ನಾಗಿದೆ. ನಮ್ಮ ವೈಟ್‌ಫೀಲ್ಡ್ ಪಕ್ಕದಲ್ಲೇ ಒಂದಿದೆ. ಗುಂಪಿನಲ್ಲಿ ಹೇಳ್ತೀನಿ.

ತಾಂಡಾ_ನಾಯಕ್
ನಾ ಚಿಂಚೋಳಿ ಕಡೆ ತಾಂಡಾದಾಂವ. ನಮ್ಮಲ್ಲಿ 2023ರಾಗ ಗೆದ್ದದ್ದು 858 ವೋಟಿನ ಅಂತರದಾಗ. ಆ ಹೊತ್ತಿಗಿ ಎಷ್ಟು ಮನಿಗೋಳು ಪುಣೆ, ಮುಂಬೈಯಾಗ ಇದ್ವು ಅಂತ ನೆನಸಿದ್ರ ತಲಿ ತಿರಗ್ತದ. ಯಾರ್ ಗೆದ್ರು ಯಾರ್ ಸೋತ್ರು ಅನ್ನೋದು ಬ್ಯಾರೆ. ನಮ್ ಮಂದಿ ಬರದೇ ತೀರ್ಮಾನ ಆಯ್ತು, ಅಷ್ಟೇ ಹೇಳ್ಲಕತ್ತೀನಿ.

ಇಲ್ಲಿ ಕೀಲಿ ಯಾರ ಕೈಯಾಗ ಅದ ಗೊತ್ತೇನು? ಮುಕಾದಮನ ಕೈಯಾಗ, ಕೂಲಿ ಮಂದಿ ಕರ್ಕೊಂಡು ಹೋಗೋ ಮೇಸ್ತ್ರಿ. ಅಂವ ಮುಂಗಡ ಕೊಟ್ಟಾನ. ಅಂವ ಬಿಟ್ರ ಬರ್ತಾರ, ಇಲ್ಲಂದ್ರ ಇಲ್ಲ. ಪಕ್ಷದವರಿಗಿ ಇದು ಗೊತ್ತು, ಅದಕ್ಕೇ ಸೀದಾ ಮುಕಾದಮನ ಜೋಡಿ ಮಾತಾಡ್ತಾರ. ವೋಟಿನ ಹಿಂದಿನ ದಿನ ರಾತ್ರಿ ಕ್ರೂಸರ್‌ಗಳು ಸಾಲಾಗಿ ಬರ್ತಾವ, ಒಂದರಾಗ ಹದಿನೈದು ಹದಿನಾರು ಮಂದಿ, ಮ್ಯಾಲ ಟಾಪಿನ ಮ್ಯಾಲ ಮತ್ತ ನಾಕು. ಮುಂಜಾನಿ ವೋಟು, ಮಧ್ಯಾಹ್ನ ಕುರಿ ಊಟ, ಸಂಜಿಗಿ ವಾಪಸ್. ಮನಿ ಕೀಲಿ ಸುದ್ದಾ ತೆಗಿಯಂಗಿಲ್ಲ ಕೆಲವರು. ಗಾಡಿ ಯಾರ್ದೋ ವೋಟು ಅವರ್ದು.

ಈಗ ನೀವು ಸಂಘದವರು, ಸಂವಿಧಾನ ಅಂತ ಬರ್ತೀರಿ. ನಾ ಕೇಳೋದಿಷ್ಟೇ, ಟಿಕೆಟ್ ರೊಕ್ಕ ಯಾರ್ ಕೊಡ್ತಾರ? ಎರಡು ದಿನದ ಕೂಲಿ ಯಾರ್ ಕೊಡ್ತಾರ?

ಸೇಡಂ_ಕಲ್ಲು
ಖರೇ ಪ್ರಶ್ನೆ ಈಗ ಬಂತು ನೋಡ್ರಿ.

ಹಳೇ_ಸಂಗಾತಿ
ಚಂದಾ ಎತ್ತಿ ನಾವೇ ನಾಲ್ಕು ಬಸ್ ಮಾಡಿದರೆ ಆಯಿತಲ್ಲ. ಪಕ್ಷದವರ ಕ್ರೂಸರ್‌ಗೆ ನಮ್ಮ ಬಸ್ ಉತ್ತರ.

ಕಪ್ಪು_ಕೋಟು
@ಹಳೇ_ಸಂಗಾತಿ ಹುಷಾರು. 1951ರ ಪ್ರಜಾಪ್ರತಿನಿಧಿ ಕಾಯ್ದೆ ಸೆಕ್ಷನ್ 123(5): ಅಭ್ಯರ್ಥಿ, ಅವನ ಏಜೆಂಟ್ ಅಥವಾ ಅವರ ಒಪ್ಪಿಗೆಯಿಂದ ಬೇರೆ ಯಾರಾದರೂ ಮತದಾರರನ್ನು ಮತಗಟ್ಟೆಗೆ ಪುಕ್ಕಟೆ ಸಾಗಿಸಲು ವಾಹನ ಮಾಡಿದರೆ ಅದು ಭ್ರಷ್ಟಾಚಾರ. ಅದಕ್ಕೆ ಶಿಕ್ಷೆ ಸೆಕ್ಷನ್ 133ರಲ್ಲಿದೆ. ಎಲ್ಲರೂ ಮಾಡ್ತಾರೆ ಅನ್ನೋದು ಬೇರೆ. ನೀವು ಯಾವ ಅಭ್ಯರ್ಥಿಯ ಪರವೂ ಅಲ್ಲ ಅಂತ ವಾದ ಮಾಡಬಹುದು, ಆದರೆ ಅದೇ ಬಸ್ಸಿನಲ್ಲಿ ಯಾರೋ ಒಬ್ಬ ಕರಪತ್ರ ಹಂಚಿದ ಅಂದ್ರೆ ಬಸ್ಸೂ ಹೋಯ್ತು, ನೀವೂ ಹೋದಿರಿ. ಇನ್ನೊಂದು, ಅಭ್ಯರ್ಥಿಯ ಲಿಖಿತ ಅನುಮತಿ ಇಲ್ಲದೆ ಅವನ ಪರವಾಗಿ ಪ್ರಚಾರಕ್ಕೆ ಖರ್ಚು ಮಾಡೋದೂ ಅಪರಾಧವೇ. ಅನುಮತಿ ತಗೊಂಡರೆ ಆ ಖರ್ಚು ಅವನ 40 ಲಕ್ಷದ ಮಿತಿಯೊಳಗೆ ಬರುತ್ತದೆ.

ಬಸ್ಸಿಗಿಂತ ಸೆಕ್ಷನ್ 135ಬಿ ಹಿಡಿದುಕೊಳ್ಳಿ. ಮತದಾನದ ದಿನ ಸಂಬಳ ಸಹಿತ ರಜೆ, ದಿನಗೂಲಿಯವರಿಗೂ ಅನ್ವಯ. 2023ರ ಮೇ 10ಕ್ಕೆ ಗೋವಾ ಸರ್ಕಾರ ನಮ್ಮ ಚುನಾವಣೆಗೆ ಅಂತ ಅಲ್ಲಿ ರಜೆ ಕೊಟ್ಟಿತ್ತು, ಅಲ್ಲಿನ ಉದ್ಯಮಿಗಳು ಕೂಗಾಡಿದ್ದು ನೆನಪಿರಬಹುದು. ಗೋವಾಕ್ಕೆ ಆಗುವುದಾದರೆ ಮಹಾರಾಷ್ಟ್ರ, ತೆಲಂಗಾಣದಿಂದಲೂ ಅದನ್ನು ಕೇಳಬಹುದು. ಮೂರು ನಾಲ್ಕು ತಿಂಗಳು ಮೊದಲೇ ಜಿಲ್ಲಾಧಿಕಾರಿಗೆ, ಕಾರ್ಮಿಕ ಇಲಾಖೆಗೆ ಮನವಿ ಕೊಡಿ.

ತಾಂಡಾ_ನಾಯಕ್
ವಕೀಲ್ ಸಾಹೇಬ್ರ, ಕಾಯ್ದೆ ಛಲೋ ಅದ. ರಜಾ ಕೊಡಲಿಲ್ಲಂದ್ರ ಮಾಲಕನಿಗಿ ದಂಡ ಎಷ್ಟು?

ಕಪ್ಪು_ಕೋಟು
500 ರೂಪಾಯಿ ತನಕ.

ತಾಂಡಾ_ನಾಯಕ್
😂😂 ಕುರಿ ಊಟದಾಗ ಈರುಳ್ಳಿಗೇ ಅಷ್ಟಾಗ್ತದ.

ಯಾದಗಿರಿ_ಫಾಸ್ಟ್_ಪ್ಯಾಸೆಂಜರ್
ಇದ್ದಲ್ಲಿಂದಲೇ ವೋಟ್ ಹಾಕೋ ಮಷಿನ್ ಅಂತ ಏನೋ ಬಂದಿತ್ತಲ್ಲ, ಅದೇನಾಯ್ತು?

ಕಪ್ಪು_ಕೋಟು
2023ರ ಜನವರಿಯಲ್ಲಿ ಚುನಾವಣಾ ಆಯೋಗ ಪಕ್ಷಗಳನ್ನು ಕರೆದು ತೋರಿಸಿತ್ತು. ಒಂದೇ ಯಂತ್ರದಲ್ಲಿ 72 ಕ್ಷೇತ್ರದ ಮತ. ಪಕ್ಷಗಳು ಒಪ್ಪಲಿಲ್ಲ, ಅಲ್ಲಿಗೇ ನಿಂತಿತು. ಅದನ್ನು ನಂಬಿಕೊಂಡು ಕೂರಬೇಡಿ.

ಓಣಿ_ಕಟ್ಟಿ
ನಡುವೆ ಬಾಯಿ ಹಾಕ್ತೀನಿ. ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಯಾರಾದ್ರೂ ಮನೆ ಮನೆ ಪ್ರಚಾರ ಮಾಡಿದ್ದೀರಾ? ಹನ್ನೊಂದರ ಮೇಲೆ ನಾಯಿ ಸುದ್ದಾ ಹೊರಗ ಬರಂಗಿಲ್ಲ. ಮುಂಜಾನೆ ಆರರಿಂದ ಒಂಬತ್ತು, ಸಂಜೆ ಆರರ ಮೇಲೆ. ನಡುವೆ ಮಿರ್ಚಿ ಭಜ್ಜಿ, ಮಂಡಕ್ಕಿ ಸುಸಲಾ, ಮಲಗೋದು. ನಿಮ್ಮ ಪ್ಲಾನಿನಲ್ಲಿ ಇದನ್ನೂ ಬರ್ಕೊಳ್ಳಿ.

ಬಿದ್ರಿ_ಕುಸುರಿ
ಆ ಬಿಸಿಲಿನಲ್ಲಿ ಭಜ್ಜಿ ತಿಂದು ಬದುಕಿರೋರು ನೀವೇ ಕಲಬುರಗಿಯವರು. ನಮ್ಮ ಬೀದರ್ ತಂಪು.

ಓಣಿ_ಕಟ್ಟಿ
ತಂಪಂತ! ಎರಡು ಡಿಗ್ರಿ ಕಮ್ಮಿ ಇದ್ದದ್ದಕ್ಕೆ ಊಟಿ ಆಗ್ಯದ ಇವರಿಗೆ.

ಬಿದ್ರಿ_ಕುಸುರಿ
😄 ಸರಿ, ವಿಷಯಕ್ಕೆ ಬರ್ತೀನಿ. ಪಟ್ಟಿಯ ಮಾತು ಬಂತಲ್ಲ, ಇನ್ನೊಂದು ದೊಡ್ಡ ತಲೆನೋವು ಇದೆ. ಬಿಹಾರದಲ್ಲಿ 2025ರಲ್ಲಿ ಮಾಡಿದ ವಿಶೇಷ ತೀವ್ರ ಪರಿಷ್ಕರಣೆ ನೋಡಿದ್ರಲ್ಲ. ಕರಡು ಪಟ್ಟಿಯಲ್ಲೇ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಅಲ್ಲಿ 2003ರ ಪಟ್ಟಿ ಆಧಾರ. ನಮ್ಮ ರಾಜ್ಯದಲ್ಲಿ ಅಂಥಾ ಪರಿಷ್ಕರಣೆ ಹಿಂದೆ ಆಗಿದ್ದು 2002ರಲ್ಲಿ.

ಈಗ 2002ರ ಪಟ್ಟಿಯಲ್ಲಿ ನಿಮ್ಮಪ್ಪನ ಹೆಸರು ಹುಡುಕಿ ನೋಡಿ. ಆಗ ನಮ್ಮಲ್ಲಿ ಹುಲಸೂರು ಅಂತ ಕ್ಷೇತ್ರ ಇತ್ತು, ಈಗಿಲ್ಲ. ನಿಮ್ಮ ಕಡೆ ಕಮಲಾಪುರ, ಶಹಾಬಾದ್ ಇದ್ದವು, 2008ರ ಮರುವಿಂಗಡಣೆಯಲ್ಲಿ ಹೋದವು. ಯಾದಗಿರಿ ಆಗ ಜಿಲ್ಲೆಯೇ ಅಲ್ಲ, ಗುಲ್ಬರ್ಗಾ ಜಿಲ್ಲೆಯೊಳಗೆ. ಹಳ್ಳಿಯ ಒಬ್ಬ ಹೆಣ್ಣುಮಗಳಿಗೆ 'ನಿಮ್ಮ ಹೆಸರು ಅಥವಾ ತಂದೆ ತಾಯಿ ಹೆಸರು 2002ರ ಯಾವ ಕ್ಷೇತ್ರ, ಯಾವ ಭಾಗ ಸಂಖ್ಯೆ' ಅಂತ ಕೇಳಿದರೆ ಆಕೆ ಏನು ಹೇಳಬೇಕು? ತವರು ಮನೆ ಒಂದು ಕಡೆ, ಗಂಡನ ಮನೆ ಇನ್ನೊಂದು ಕಡೆ. ಗಡಿಯ ಆಚೆ ಜಹೀರಾಬಾದ್, ಉದಗೀರ್‌ನಿಂದ ಮದುವೆಯಾಗಿ ಬಂದವರು ನಮ್ಮಲ್ಲಿ ಎಷ್ಟು ಜನ! ಅವರ ಅಪ್ಪಂದಿರ ಹೆಸರು ಇನ್ನೊಂದು ರಾಜ್ಯದ ಪಟ್ಟಿಯಲ್ಲಿ, ಇನ್ನೊಂದು ಲಿಪಿಯಲ್ಲಿ.

ಹೆಸರಿನ ಕಾಗುಣಿತದ ಕಥೆ ಬೇರೆ. ಒಂದೇ ಮನೆಯಲ್ಲಿ ಅಪ್ಪ 'ಶೇಕ್', ಮಗ 'ಶೇಖ್', ಮೊಮ್ಮಗ 'ಶೈಕ್'. ಉರ್ದು ಹೆಸರನ್ನು ಕಿವಿಗೆ ಬಿದ್ದ ಹಾಗೆ ಕನ್ನಡದಲ್ಲಿ ಬರೆದರೆ ಹಾಗೇ ಆಗೋದು. ಇವನ್ನೆಲ್ಲ ಫಾರ್ಮ್ 8 ಹಾಕಿ ಈಗಲೇ ಸರಿ ಮಾಡಿಸಿಕೊಳ್ಳಬೇಕು. ಚುನಾವಣೆ ಘೋಷಣೆ ಆದ ಮೇಲೆ ಓಡಾಡಿದರೆ ತಹಸೀಲ್ ಕಚೇರಿ ಮುಂದೆ ಸಾಲು ನಿಲ್ಲೋದಷ್ಟೇ.

ಸೀರಿ_ಸೆರಗು
@ಬಿದ್ರಿ_ಕುಸುರಿ ಹೇಳಿದ್ದು ನೂರಕ್ಕ ನೂರು. ನಾ ಶಹಾಪುರ, ಸುರಪುರ ಕಡಿ ಹೆಣ್ಮಕ್ಕಳ ಸಂಘದಾಗ ಕೆಲಸ ಮಾಡ್ತೀನಿ. ಒಂದು ಸಲ ನಮ್ ಅಂಗನವಾಡಿ ಟೀಚರ್, ಆಕಿನೇ ಬಿಎಲ್‌ಒ, ಬೇವಿನ ಗಿಡದ ಕೆಳಗ ಪಟ್ಟಿ ಹಿಡ್ಕೊಂಡು ಜೋರಾಗಿ ಓದ್ಲಕತ್ತಿದ್ಳು. ನಾವು ಸುತ್ತ ಕೂತಿದ್ವಿ. ಒಂದು ಹೆಸರು ಓದಿದ್ಳು. ಯಾರೂ ಮಾತಾಡ್ಲಿಲ್ಲ. ಮತ್ತ ಓದಿದ್ಳು. ಆಗ ಒಬ್ಬಾಕಿ 'ಯವ್ವಾ, ನಮ್ಮತ್ತಿರೀ, ಸತ್ತು ಭಾಳ ವರ್ಷ ಆಯ್ತು' ಅಂದ್ಳು. ಬಾಜೂಕ ಕೂತ ಸೊಸಿ ಹೆಸರು ಬಂತೇನು ಅಂದ್ರ ಇಲ್ಲ. ಅತ್ತಿ ಸತ್ತ್ರೂ ಪಟ್ಟಿಯಾಗ ಅದಾಳ, ಸೊಸಿ ಬದುಕಿದ್ರೂ ಇಲ್ಲ. ಎಲ್ಲಾರೂ ನಕ್ರು, ಸೊಸಿ ನಗ್ಲಿಲ್ಲ. 'ಇಲ್ಲೂ ಆಕಿದೇ ನಡೀತದಲ್ಲ' ಅಂದ್ಳು.

ಪಟ್ಟಿ ಓದೋದೇ ನಮ್ ಸಭೆ ಆಯ್ತು ಅವತ್ತು. ಭಾಷಣ ಅಂತ ಕರದ್ರ ಹತ್ತು ಮಂದಿ ಬರ್ತಾರ. 'ನಿಮ್ ಹೆಸರು ಅದನೋ ಇಲ್ಲೋ ಓದ್ತೀವಿ ಬರ್ರಿ' ಅಂದ್ರ ಓಣಿ ಓಣಿನೇ ಬರ್ತದ. ಅಲ್ಲೇ ರೇಷನ್ ಕಾರ್ಡಿನ ಮಾತು ಬರ್ತದ, ಗೃಹಲಕ್ಷ್ಮಿ 2,000 ಯಾಕ ಬಂದಿಲ್ಲ ಅನ್ನೋದು ಬರ್ತದ, ವಿಧವಾ ಪಿಂಚಣಿ ಬರ್ತದ, ಕುಡ್ಯಾ ನೀರು, ಓಣಿಯಾಗಿನ ಸೆರೆ ಅಂಗಡಿ ಬರ್ತದ. ರಾಜಕೀಯ ಅಂದ್ರ ಇದೇ ಅಲ್ಲೇನ್ರಿ ಮತ್ತ? ನೀವು ಸಂವಿಧಾನದಿಂದ ಶುರು ಮಾಡಿ ನೀರಿಗಿ ಬರ್ತೀರಿ. ನಾವು ನೀರಿನಿಂದ ಶುರು ಮಾಡ್ತೀವಿ.

ಭೀಮಾ_ದಂಡಿ
@ಸೀರಿ_ಸೆರಗು ಅಕ್ಕಾ, ಇದೇ ಬೇಕಿತ್ತು. ಶಹಾಪುರಕ್ಕೆ ಬಂದಾಗ ಸಿಗ್ತೀನಿ.

ಕಾವಲುಗಾರ_ಕಲ್ಯಾಣ
ಎಲ್ಲಾ ಚೆನ್ನಾಗಿ ಮಾತಾಡ್ತಿದ್ದೀರಿ. ನೇರವಾಗಿ ಕೇಳ್ತೀನಿ. 'ಪ್ರಗತಿಪರ' ಅಂದರೆ ಕಾಂಗ್ರೆಸ್ಸಿನ ಬಿ ಟೀಂ ಅಂತ ಒಪ್ಪಿಕೊಂಡುಬಿಡಿ. 2023ರಲ್ಲಿ ಎದ್ದೇಳು ಕರ್ನಾಟಕ ಅಂತ ಬಂದ್ರಲ್ಲ, ಬಿಜೆಪಿ ಸೋಲಿಸಿ ಅಂದ್ರು. ಗೆದ್ದಿದ್ದು ಯಾರು, ಲಾಭ ಆಗಿದ್ದು ಯಾರಿಗೆ? ಗೆದ್ದ ಮೇಲೆ ಇವರ ಗಂಟಲು ಯಾಕೆ ಕಟ್ಟಿತು?

ಹಳೇ_ಸಂಗಾತಿ
ಗಂಟಲು ಕಟ್ಟಿಲ್ಲ. ದೇವನಹಳ್ಳಿಯ 1,777 ಎಕರೆ ಭೂಸ್ವಾಧೀನದ ವಿರುದ್ಧ ಹೋರಾಡಿದ್ದು ಯಾರ ಸರ್ಕಾರದ ಎದುರು? 2025ರ ಜುಲೈನಲ್ಲಿ ಕೈಬಿಟ್ಟರಲ್ಲ. ಅಲ್ಲಿ ರೈತರ ಜೊತೆ ಕೂತಿದ್ದು ಇದೇ ಸಂಘಟನೆಗಳು. 2023ರಲ್ಲಿ ನೂರಕ್ಕೂ ಹೆಚ್ಚು ಸಂಘಟನೆಗಳು ಸೇರಿದ್ದವು, ಎಲ್ಲವೂ ಒಂದೇ ಮನಸ್ಸಿನವಲ್ಲ. ಆದರೆ ಬಿಜೆಪಿ ಸೋಲಬೇಕು ಅಂತ ಮುಚ್ಚುಮರೆಯಿಲ್ಲದೆ ಹೇಳಿದರು, ಹಿಂಬಾಗಿಲಿನಿಂದ ಹೇಳಲಿಲ್ಲ.

ಕಾವಲುಗಾರ_ಕಲ್ಯಾಣ
ದೇವನಹಳ್ಳಿ ಬೆಂಗಳೂರು ಪಕ್ಕ. ಕ್ಯಾಮೆರಾ ಬರ್ತದೆ. 2022ರ ಹಂಗಾಮಿನಲ್ಲಿ ನಮ್ಮ ತೊಗರಿಗೆ ನೆಟೆ ರೋಗ ಬಂದು ಹೊಲಕ್ಕೆ ಹೊಲ ಒಣಗಿ ಹೋಯ್ತು, ಆಗ ಬೆಂಗಳೂರಿನ ಎಷ್ಟು ಬುದ್ಧಿಜೀವಿಗಳು ಬಂದ್ರು?

ಸೇಡಂ_ಕಲ್ಲು
@ಕಾವಲುಗಾರ_ಕಲ್ಯಾಣ ಬೆಂಗಳೂರಿನವರು ಬರಲಿಲ್ಲ, ಒಪ್ಪಿದೆ. ಆದ್ರ ಇಲ್ಲಿಯವರು ಡಿಸಿ ಆಫೀಸಿನ ಮುಂದ ಕೂತಿದ್ರು. ತೊಗರಿ ಅಂದ್ರ ಸಿಪಿಎಂನ ರೈತ ಮುಖಂಡ ಮಾರುತಿ ಮಾನ್ಪಡೆ ನೆನಪಾಗ್ತಾರ. 2020ರಾಗ ಕೊರೊನಾದಾಗ ಹೋದ್ರು. ಅವರ ಪಕ್ಷಕ್ಕ ಇಲ್ಲಿ ಸೀಟು ಬರಲಿಲ್ಲ, ಆದ್ರ ಬೆಂಬಲ ಬೆಲಿ ಅಂದ್ರ ಏನು ಅಂತ ಹಳ್ಳಿ ಹಳ್ಳಿಗಿ ಹೇಳಿಕೊಟ್ಟವರು. ಅಂಥವರು ವೋಟಿನ ಹೊತ್ತಿಗಷ್ಟೇ ಬಂದವರಲ್ಲ. ನಿಮ್ ಸಿಟ್ಟು ಅರ್ಧ ಖರೆ, ಅರ್ಧ ಸುಳ್ಳು.

ಗುಲ್ಬರ್ಗಾ_ಜಂಕ್ಷನ್
ನಂದೂ ಒಂದು ದೂರು. ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿ ಚುನಾವಣೆ 2016ರಲ್ಲಿ ಆಗಿದ್ದು. 2021ಕ್ಕೆ ಅವಧಿ ಮುಗೀತು. ಬಿಜೆಪಿ ಇದ್ದಾಗಲೂ ಮುಂದೆ ಹಾಕಿದರು, ಕಾಂಗ್ರೆಸ್ ಬಂದ ಮೇಲೂ ಮುಂದೆ ಹಾಕಿದರು. ಕೆಳಗಿನ ಚುನಾವಣೆಯೇ ಇಲ್ಲ ಅಂದ್ರೆ ಕೆಳಗಿನಿಂದ ನಾಯಕರು ಎಲ್ಲಿಂದ ಬರ್ತಾರೆ? ಸಂಘಟನೆಗಳು ಇದರ ಬಗ್ಗೆ ಯಾಕೆ ರಸ್ತೆಗಿಳಿಯಲಿಲ್ಲ? ನಮ್ಮ ಭಾಗದ 371ಜೆ ವಿಶೇಷ ಸ್ಥಾನಮಾನಕ್ಕೆ ಎಷ್ಟು ವರ್ಷ ಹೋರಾಡಿದ್ವಿ, ಅದರ ದುಡ್ಡು ಎಲ್ಲಿ ಖರ್ಚಾಗ್ತದೆ ಅಂತ ಕೇಳೋಕೆ ಒಬ್ಬ ಜಿಲ್ಲಾ ಪಂಚಾಯ್ತಿ ಸದಸ್ಯನೂ ಇಲ್ಲ.

ಹಳೇ_ಸಂಗಾತಿ
ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಇಳಿಯಬೇಕಿತ್ತು.

ನುಚ್ಚು_ಮಜ್ಜಿಗಿ
ಬಸ್ಸಿನ ಮಾತು ಬಿಟ್ರಿ ನೀವೆಲ್ಲ. ಶಕ್ತಿ ಯೋಜನೆ ಬಂದ ಮ್ಯಾಲ ಹೆಣ್ಮಕ್ಕಳಿಗಿ ಬೆಂಗಳೂರಿಂದ ಯಾದಗಿರಿಗಿ ಸರ್ಕಾರಿ ಬಸ್ ಪುಕ್ಕಟೆ. ಟಿಕೆಟ್ ರೊಕ್ಕದ ಪ್ರಶ್ನೆ ಅರ್ಧ ಮುಗೀತಲ್ಲ?

ಸೀರಿ_ಸೆರಗು
ರಾಜ್ಯದ ಒಳಗ ಆಯ್ತು. ಪುಣೆಯಿಂದ ಬರೋರಿಗಿ ಇಲ್ಲ. ಮತ್ತ ಹೆಣ್ಮಕ್ಕಳು ಪುಕ್ಕಟೆ ಬಂದ್ರ ಗಂಡಸರಿಗಿ ಟಿಕೆಟ್ ಬೇಕಲ್ಲ. ಆದ್ರ ಒಂದು ಛಲೋ ಆಗ್ಯದ, ಮೊದಲ ಗಂಡನ ಜೋಡಿ ಮುಕಾದಮನ ಗಾಡಿಯಾಗೇ ಬರಬೇಕಿತ್ತು. ಈಗ 'ನಾ ನನ್ನ ಬಸ್ಸಿಗಿ ಬರ್ತೀನಿ' ಅನ್ನೋ ಹೆಣ್ಮಕ್ಕಳು ಅದಾರ. ಯಾರ ಗಾಡಿಯಾಗೂ ಬರದಾಕಿ ಯಾರ ಮಾತೂ ಕೇಳಬೇಕಾಗಿಲ್ಲ.

ಯಾದಗಿರಿ_ಫಾಸ್ಟ್_ಪ್ಯಾಸೆಂಜರ್
ಮುಂಬೈಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಜನರಲ್ ಡಬ್ಬಿ. ವೋಟಿನ ಹಿಂದಿನ ದಿನ ಕಾಲಿಡಲು ಜಾಗ ಇರಂಗಿಲ್ಲ. ವಿಶೇಷ ರೈಲು ಕೇಳ್ರಿ, ರೈಲ್ವೆಗೆ ಅರ್ಜಿ ಕೊಟ್ರ ಯಾವ ಕಾಯ್ದೆನೂ ಮುರಿದಂಗಾಗಲ್ಲ. ಅಲ್ಲೇನ್ರಿ ವಕೀಲರ?

ಕಪ್ಪು_ಕೋಟು
ಖಂಡಿತ. ಸಾರ್ವಜನಿಕ ಸಾರಿಗೆ, ಅವರವರ ಟಿಕೆಟ್. ಒಳ್ಳೆ ಬೇಡಿಕೆ. ಹಾಗೇ 85 ದಾಟಿದವರಿಗೆ, ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಮನೆಯಿಂದಲೇ ಮತ ಹಾಕಲು ಫಾರ್ಮ್ 12ಡಿ ಇದೆ. ಅಧಿಸೂಚನೆ ಹೊರಬಿದ್ದ ಐದು ದಿನದೊಳಗೆ ಕೊಡಬೇಕು. ಹಳ್ಳಿಯಲ್ಲಿ ಉಳಿದಿರೋದೇ ಮುದುಕರು, ಅವರನ್ನು ಮರೆಯಬೇಡಿ.

ವೇದಿಕೆ_ನಿರ್ವಾಹಕ
ಆಳಂದ ಪ್ರಕರಣದಲ್ಲಿ ವ್ಯಕ್ತಿಗಳ ಹೆಸರು ಹಿಡಿದು ಆರೋಪ ಮಾಡಿದ್ದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಭಜ್ಜಿ ಬಗ್ಗೆ ಬಂದ ಒಂಬತ್ತು ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಕಳಿಸಿದ್ದೇನೆ, ಅಲ್ಲಿ ಮುಂದುವರಿಸಿ.

ಓಣಿ_ಕಟ್ಟಿ
ಅನ್ಯಾಯ.

ಭೀಮಾ_ದಂಡಿ
ಬಹಳ ಉಪಯೋಗ ಆಯ್ತು. ನಿನ್ನೆ ಮತ್ತೆ ಕೂತಿದ್ವಿ. ಜಾಥಾ ಸದ್ಯಕ್ಕೆ ಇಲ್ಲ. ಒಬ್ಬೊಬ್ಬರಿಗೆ ಅವರವರ ಸ್ವಂತ ಊರಿನ ಒಂದು ಬೂತ್, ಬೇರೆ ಊರಿಗೆ ಹೋಗೋ ಹಂಗಿಲ್ಲ. ದೀಪಾವಳಿಗೆ, ಊರ ಜಾತ್ರೆಗೆ ಗುಳೆ ಹೋದವರು ಬರ್ತಾರಲ್ಲ, ಆಗ ಪಟ್ಟಿ ಓದೋದು. ಬೀಗ ಬಿದ್ದ ಮನೆಯವರ ವಿವರ ಮೊದಲೇ ಬಿಎಲ್‌ಒ ಕೈಗೆ ಬರವಣಿಗೆಯಲ್ಲಿ ಕೊಡೋದು: ಇವರು ದುಡಿಯಲು ಹೋಗಿದ್ದಾರೆ, ಊರು ಬಿಟ್ಟಿಲ್ಲ ಅಂತ.

ಪಕ್ಷದ ಹೆಸರು ಹೇಳೋದಾ ಬೇಡವಾ ಅನ್ನೋದು ಮಾತ್ರ ಬಗೆಹರಿದಿಲ್ಲ. ಮೇಷ್ಟ್ರಿಬ್ಬರೂ ಆ ಮಾತಿಗೆ ಎದ್ದು ಹೋದ್ರು. ಸರ್ಕಾರಿ ನೌಕರಿ, ಅವರ ಕಷ್ಟ ಅವರಿಗೆ.

ಮಾಜಿ_ಪೇಜ್_ಪ್ರಮುಖ್
ಎರಡು ಗುಂಪು ಮಾಡಿಕೊಳ್ಳಿ. ಪಟ್ಟಿ ಕೆಲಸ ಎಲ್ಲರಿಗೂ, ಎದುರಾಳಿಯ ಮನೆಗೂ. ಪ್ರಚಾರ ಮಾಡೋರು ಬೇರೆ ಇರಲಿ, ಬೇರೆ ಹೆಸರಿನಲ್ಲಿ. ಎದುರಾಳಿ ಮನೆಯ ಸೊಸೆ ಹೆಸರು ನೀವು ಸೇರಿಸಿದ್ರೆ ಮುಂದಿನ ಸಲ ಆ ಕಟ್ಟೆ ಮೇಲೆ ನಿಮಗೂ ಚಹಾ ಸಿಗ್ತದೆ.

ಕಾವಲುಗಾರ_ಕಲ್ಯಾಣ
ಹಾಗೆ ಮಾಡಿದರೆ ನಮ್ಮ ಓಣಿಗೂ ಬನ್ನಿ. ನಮ್ಮ ಅಣ್ಣನ ಹೆಸರು ಎರಡು ಕಡೆ ಇದೆ.

ಆಳಂದದಾಕಿ
@ಕಾವಲುಗಾರ_ಕಲ್ಯಾಣ ಎರಡೂ ಕಡಿ ಹಾಕ್ತಾನೋ ಒಂದೇ ಕಡಿಯೋ? 😏

ಕಾವಲುಗಾರ_ಕಲ್ಯಾಣ
ಒಂದೇ ಕಡೆ ತಾಯಿ, ಒಂದೇ ಕಡೆ.

ಹೊಸ_ಸಾಲಿ_ಹುಡ್ಗಿ
ನಂದೊಂದು ಸಣ್ಣ ಪ್ರಶ್ನೆ. ನನಗ 18 ಆಗೋದು ನಡು ವರ್ಷ. ಜನವರಿ 1ಕ್ಕ ಆಗಿದ್ರಷ್ಟೇ ಹೆಸರು ಹಾಕ್ತಾರ ಅಂತ ನಮ್ ಸರ್ ಹೇಳಿದ್ರು. ಮುಂದಿನ ವರ್ಷದ ತನಕ ಕಾಯಬೇಕೇನು?

ಕಪ್ಪು_ಕೋಟು
ಬೇಕಿಲ್ಲ. ಅದು ಹಳೇ ನಿಯಮ. ಈಗ ವರ್ಷಕ್ಕೆ ನಾಲ್ಕು ತಾರೀಖು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 17 ತುಂಬಿದ್ದರೆ ಮುಂಗಡವಾಗಿಯೇ ಫಾರ್ಮ್ 6 ಕೊಡಬಹುದು. ನಿಮ್ಮ ಹುಟ್ಟಿದ ದಿನ ಯಾವುದು?

ಹೊಸ_ಸಾಲಿ_ಹುಡ್ಗಿ
ಖರೇದ್ದು ದಸರಾ ಹಬ್ಬದಾಗ ಅಂತಾಳ ನಮ್ಮವ್ವ. ಸಾಲ್ಯಾಗ ಜೂನ್ 1 ಅಂತ ಬರದಾರ.

ನುಚ್ಚು_ಮಜ್ಜಿಗಿ
ನಮ್ ಊರಾಗ ಎಲ್ಲಾರೂ ಜೂನ್ 1ಕ್ಕೇ ಹುಟ್ಟ್ಯಾರವ್ವ, ನಾನೂ. ಜುಲೈ 1ರ ಲೆಕ್ಕಕ್ಕ ಹಾಕು.